ಓದುಗರ ಪ್ರಶ್ನೆ: ಜಾರ್ಜ್ ಮ್ಯಾಕ್‌ಡೊನಾಲ್ಡರ ಕಿರು ಕಿನ್ನರಕಥೆಗಳು

ಸ್ಕಾಟ್ಲೆಂಡಿನ ಲೇಖಕ ಜಾರ್ಜ್ ಮ್ಯಾಕ್‌ಡೊನಾಲ್ಡ್ (1824–1905) ಬರೆದ ಕಿರು ಕಿನ್ನರಕಥೆಗಳನ್ನು ಓದಿದವರು ತಮ್ಮ ಅನಿಸಿಕೆಗಳನ್ನೂ ಅನುಮಾನಗಳನ್ನೂ ಬರೆದು ಕಳುಹಿಸಬೇಕೆಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮೆಚ್ಚುಗೆಯಷ್ಟೇ ತಕರಾರುಗಳೂ ಇವೆ. ತಕರಾರು ಎತ್ತಿದವರು ಕಥೆಗಳನ್ನು ಗಮನವಿಟ್ಟು ಓದಿದ್ದಾರೆಂಬುದು ಅವರ ಪತ್ರಗಳಿಂದಲೇ ತಿಳಿಯುವುದರಿಂದ, ಈ ಸಲ ಅಂಥವುಗಳನ್ನೇ ಹೆಚ್ಚಾಗಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: 'ದಿ ಲೈಟ್ ಪ್ರಿನ್ಸೆಸ್' ಕಥೆಯ ಮೊದಲರ್ಧವನ್ನು ನಗುತ್ತಲೇ ಓದಿದೆ. ತೂಕವಿಲ್ಲದ ಮಗು ಚಾವಣಿಗೆ ತೇಲಿಹೋಗುವುದು, ಕಿಟಕಿಯಿಂದ ಬಂದ ಗಾಳಿಗೆ ಹಾರಿ ತೋಟಕ್ಕೆ ಬೀಳುವುದು ಎಲ್ಲವೂ ಸೊಗಸಾಗಿದೆ. ಆದರೆ ಕೊನೆಯಲ್ಲಿ ರಾಜಕುಮಾರನೊಬ್ಬ ಸರೋವರದ ತಳದ ತೂತಿಗೆ ತನ್ನ ದೇಹವನ್ನೇ ಅಡ್ಡಕೊಟ್ಟು ಮುಳುಗುತ್ತಾನೆ. ಒಂದು ಹಾಸ್ಯಕಥೆಗೆ ಬೇರೊಂದು ದುಃಖದ ಕಥೆಯನ್ನು ತಂದು ಹೊಲಿದಂತೆ ಕಾಣುತ್ತದೆ. ನಿಮಗೆ ಹಾಗೆ ಅನಿಸಲಿಲ್ಲವೇ?

ಉತ್ತರ: ಅನಿಸಲಿಲ್ಲ. ಕೊನೆಯ ದುಃಖಕ್ಕೆ ಬೇಕಾದದ್ದೆಲ್ಲ ಮೊದಲರ್ಧದ ನಗುವಿನೊಳಗೇ ಸಿದ್ಧವಾಗಿದೆ ಎಂಬುದು ನನ್ನ ಅಭಿಪ್ರಾಯ. ನಾಮಕರಣಕ್ಕೆ ತನ್ನನ್ನು ಕರೆಯಲು ಸೋದರನಾದ ರಾಜ ಮರೆತನೆಂದು ಸಿಟ್ಟಾದ ಮಾಟಗಾತಿ ಸೋದರತ್ತೆ, ಮಗುವಿನ ದೇಹದ ಭಾರವನ್ನಷ್ಟೇ ಅಲ್ಲ, ಮನಸ್ಸಿನ ಭಾರವನ್ನೂ ಕಿತ್ತುಕೊಳ್ಳುತ್ತಾಳೆ. ಆದ್ದರಿಂದಲೇ ರಾಜಕುಮಾರಿ ಬೆಳೆದು ದೊಡ್ಡವಳಾದರೂ ಯಾವ ಸಂಗತಿಯನ್ನೂ ಗಂಭೀರವಾಗಿ ತೆಗೆದುಕೊಳ್ಳಲಾರಳು. ತಾಯಿ ಅತ್ತರೂ ನಗುತ್ತಾಳೆ, ತಂದೆ ಕೋಪಿಸಿಕೊಂಡರೂ ನಗುತ್ತಾಳೆ. ಈ ಹಂತದಲ್ಲಿ ಮ್ಯಾಕ್‌ಡೊನಾಲ್ಡ್ ತೀರಾ ಸಹಜವೆಂಬಂತೆ ಒಂದು ಮಾತು ಸೇರಿಸುತ್ತಾರೆ. ಅವಳ ನಗುವಿನಲ್ಲಿ ಏನೋ ಒಂದು ಕೊರತೆಯಿತ್ತು, ದುಃಖಪಡಬಲ್ಲವರ ನಗುವಿನಲ್ಲಿ ಮಾತ್ರ ಕೇಳಿಬರುವ ಒಂದು ಧ್ವನಿ ಅದರಲ್ಲಿರಲಿಲ್ಲ, ಮತ್ತು ಅವಳು ಗಹಗಹಿಸಿ ನಗುತ್ತಿದ್ದಳೇ ಹೊರತು ಎಂದೂ ಮುಗುಳ್ನಗುತ್ತಿರಲಿಲ್ಲ. ಓದುವವರು ಇನ್ನೂ ನಗುತ್ತಿರುವಾಗಲೇ ಬರುವ ಈ ಮಾತನ್ನು ದಾಟಿ ಮುಂದೆ ಹೋದರೆ ಕೊನೆಯ ಭಾಗ ಬೇರೆ ಕಥೆಯಂತೆ ಕಂಡೀತು. ಅಲ್ಲಿ ಒಂದು ಕ್ಷಣ ನಿಂತು ಓದಿದರೆ, ಇವಳು ಅಳುವುದು ಯಾವಾಗ ಎಂಬ ಪ್ರಶ್ನೆ ಆಗಲೇ ಹುಟ್ಟಿಬಿಡುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಅವಳಿಗೆ ನೀರಿನಲ್ಲಿ ಮಾತ್ರ ತೂಕ ಮರಳುತ್ತದೆ. ಸರೋವರದಲ್ಲಿ ಈಜುವಾಗ ಅವಳು ಎಲ್ಲರಂತಿರುತ್ತಾಳೆ, ಸ್ವಭಾವವೂ ಕೊಂಚ ಮೆತ್ತಗಾಗುತ್ತದೆ. ಹಾಗಾಗಿ ಅವಳಿಗೆ ಪ್ರಪಂಚದಲ್ಲಿ ಪ್ರಿಯವಾದದ್ದು ಸರೋವರವೊಂದೇ, ಮಾಟಗಾತಿ ಬತ್ತಿಸುವುದೂ ಅದನ್ನೇ. ಅದು ಮತ್ತೆ ತುಂಬಬೇಕಾದರೆ ಒಬ್ಬ ಮನುಷ್ಯ ತಾನಾಗಿ ಒಪ್ಪಿ ತಳದ ತೂತನ್ನು ತನ್ನ ದೇಹದಿಂದ ಮುಚ್ಚಬೇಕು. ಒಪ್ಪಿದ ರಾಜಕುಮಾರ ಕೇಳುವುದು ಒಂದೇ ಷರತ್ತು: ನೀರು ಏರುವಷ್ಟು ಹೊತ್ತು ಅವಳು ದೋಣಿಯಲ್ಲಿ ಎದುರಿಗೆ ಕುಳಿತು ತನಗೆ ತಿನ್ನಿಸಬೇಕು, ಆಗಾಗ ತನ್ನತ್ತ ನೋಡಬೇಕು. ಅವಳು ಬಿಸ್ಕತ್ತು ಮತ್ತು ವೈನನ್ನು ಕೈಯಾರೆ ಕೊಡುತ್ತಾಳೆ. ಅವಳ ಗಮನವೆಲ್ಲ ತುಂಬುತ್ತಿರುವ ಸರೋವರದ ಮೇಲೆ. ನೀರು ಅವನನ್ನು ಮುಳುಗಿಸಿ, ಅವನ ಕೊನೆಯ ಉಸಿರು ಗುಳ್ಳೆಯಾಗಿ ಮೇಲೆ ಬಂದಾಗ ಮಾತ್ರ ಅವಳು ಚೀರಿ ಧುಮುಕುತ್ತಾಳೆ. ರಾತ್ರಿಯೆಲ್ಲ ಆರೈಕೆ ನಡೆದ ಮೇಲೆ, ಸೂರ್ಯ ಹುಟ್ಟುವ ಹೊತ್ತಿಗೆ ಅವನು ಕಣ್ಣು ತೆರೆದಾಗ ಅವಳಿಗೆ ಜೀವನದಲ್ಲಿ ಮೊದಲ ಸಲ ಅಳು ಬರುತ್ತದೆ. ಅಳುತ್ತ ನೆಲಕ್ಕೆ ಬೀಳುತ್ತಾಳೆ, ಅಂದರೆ ತೂಕ ಬಂದಿದೆ. ಅಳು ಬರುವ ತನಕ ನೀರು ಹೊರಗಿನಿಂದ ಮಾಡುತ್ತಿದ್ದ ಕೆಲಸವನ್ನು ಈಗ ಅವಳ ಕಣ್ಣೀರು ಮಾಡಿತು. ಅಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಓದಿ 1845ರಲ್ಲಿ ಪದವಿ ಪಡೆದವರು ಮ್ಯಾಕ್‌ಡೊನಾಲ್ಡ್ ಎಂಬುದನ್ನು ನೆನೆದರೆ, ಗುರುತ್ವಾಕರ್ಷಣೆಯಂಥ ವಿಷಯವನ್ನು ಹಿಡಿದು ಅದರ ನಿಯಮಕ್ಕೆ ಕೊನೆಯವರೆಗೂ ಬದ್ಧರಾಗಿ ಬರೆದದ್ದು ಆಶ್ಚರ್ಯವೆನಿಸುವುದಿಲ್ಲ. ಅವರ ಕಿರುಕಥೆಗಳ ಶಕ್ತಿ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ: ಒಂದು ವಿಚಿತ್ರವಾದ ನಿಯಮವನ್ನು ಒಮ್ಮೆ ಒಪ್ಪಿಕೊಂಡ ಮೇಲೆ ಅವರು ಅದನ್ನು ತಮ್ಮ ಅನುಕೂಲಕ್ಕಾಗಿ ಎಲ್ಲೂ ಸಡಿಲಿಸುವುದಿಲ್ಲ, ಪಾತ್ರಗಳ ಸುಖದುಃಖಗಳೆಲ್ಲ ಆ ನಿಯಮದಿಂದಲೇ ಹುಟ್ಟಿಬರುತ್ತವೆ.

ಪ್ರಶ್ನೆ: 'ದಿ ಗೋಲ್ಡನ್ ಕೀ' ನನಗೆ ಅರ್ಥವಾಗಲಿಲ್ಲವೆಂದು ನೇರವಾಗಿಯೇ ಹೇಳುತ್ತೇನೆ. ಕಾಮನಬಿಲ್ಲಿನ ಬುಡದಲ್ಲಿ ಸಿಕ್ಕಿದ ಚಿನ್ನದ ಕೀಲಿ ಯಾವುದರ ಸಂಕೇತ? ಗಾಳಿಯಲ್ಲಿ ಈಜುವ ಮೀನು ಯಾರು? ಮೂವರು ಮುದುಕರು ಯಾರು? ಮಕ್ಕಳು ಕೊನೆಗೆ ಹೋಗಿ ಸೇರಿದರೋ ಇಲ್ಲವೋ ಎಂಬುದನ್ನೂ ಲೇಖಕರು ಖಚಿತವಾಗಿ ಹೇಳುವುದಿಲ್ಲ.

ಉತ್ತರ: ಈ ಕಥೆಯ ಬಗ್ಗೆಯೇ ಅತಿ ಹೆಚ್ಚು ಪತ್ರಗಳು ಬಂದಿವೆ, ಬಹುತೇಕ ಎಲ್ಲರೂ ಕೇಳಿರುವುದು ಇದನ್ನೇ. ಓದದವರಿಗಾಗಿ ಎರಡು ಮಾತು. ಕಿನ್ನರಲೋಕದ ಅಂಚಿನಲ್ಲಿ ವಾಸಿಸುವ ಮಾಸಿ ಎಂಬ ಹುಡುಗನಿಗೆ ಅಲ್ಲಿನ ಕಾಡಿನಲ್ಲಿ ಚಿನ್ನದ ಕೀಲಿ ಸಿಗುತ್ತದೆ, ಅದು ಯಾವ ಬೀಗದ್ದೆಂದು ಯಾರಿಗೂ ತಿಳಿಯದು. ಆಳುಗಳ ಅಸಡ್ಡೆಯಲ್ಲಿ ಬೆಳೆದು, ಬಾಚದ ಕೂದಲಿನಿಂದಾಗಿ ಟ್ಯಾಂಗಲ್ ಎಂದು ಕರೆಸಿಕೊಂಡ ಹುಡುಗಿಯೊಬ್ಬಳು ಹೆದರಿ ಮನೆಬಿಟ್ಟು ಅದೇ ಕಾಡಿಗೆ ಬರುತ್ತಾಳೆ. ಸಾವಿರಾರು ವರ್ಷ ವಯಸ್ಸಾದರೂ ಸುಂದರಿಯಾಗಿಯೇ ಇರುವ ಅಜ್ಜಿಯೊಬ್ಬಳ ಗುಡಿಸಿಲಿನಲ್ಲಿ ಇಬ್ಬರೂ ಭೇಟಿಯಾಗಿ, ಕೀಲಿಗೆ ಹೊಂದುವ ಬಾಗಿಲನ್ನು ಹುಡುಕಿಕೊಂಡು ಹೊರಡುತ್ತಾರೆ.

ಕೀಲಿಯ ಅರ್ಥ ಇಂಥದ್ದು ಎಂದು ನಾನು ಹೇಳಿದರೆ ನಿಮಗೆ ಉಪಕಾರ ಮಾಡಿದಂತೆ ಆಗುವುದಿಲ್ಲ. ನಂಬಿಕೆ ಎನ್ನಬಹುದು, ಕಲ್ಪನಾಶಕ್ತಿ ಎನ್ನಬಹುದು, ಪ್ರೀತಿ ಎಂದವರೂ ಇದ್ದಾರೆ. ಯಾವುದನ್ನು ಹೇಳಿದರೂ ಕಥೆಯ ಅರ್ಧ ಭಾಗ ಆ ಉತ್ತರದ ಹೊರಗೇ ಉಳಿಯುತ್ತದೆ. ಮ್ಯಾಕ್‌ಡೊನಾಲ್ಡ್ ತಾವೇ 1893ರಲ್ಲಿ ಬರೆದ 'ದಿ ಫ್ಯಾಂಟಾಸ್ಟಿಕ್ ಇಮ್ಯಾಜಿನೇಷನ್' ಎಂಬ ಪ್ರಬಂಧದಲ್ಲಿ ಇಂಥ ಪ್ರಶ್ನೆಯನ್ನು ಎದುರಿಸಿದ್ದಾರೆ. ಕಿನ್ನರಕಥೆ ಎಂದರೆ ರೂಪಕಕಥೆಯಲ್ಲ ಎನ್ನುತ್ತಾರೆ. ಸಂಗೀತವನ್ನು ಕೇಳಿದ ಹಲವರು ಅದರಲ್ಲಿ ತಮಗೆ ಕಂಡದ್ದನ್ನು ಬರೆದಿಟ್ಟರೆ ಆ ಬರಹಗಳು ಒಂದರಂತೆ ಒಂದು ಇರುವುದಿಲ್ಲ, ಆದರೂ ಸಂಗೀತ ಎಲ್ಲರನ್ನೂ ತಟ್ಟಿರುತ್ತದೆ; ಕಥೆಯೂ ಹಾಗೆಯೇ ಎಂಬುದು ಅವರ ವಾದ. ಮಗು ಅರ್ಥ ಕೇಳಿದರೆ ಏನು ಹೇಳಲಿ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ಇನ್ನೂ ನೇರವಾಗಿದೆ. ಕುದುರೆಯ ಚಿತ್ರವೊಂದನ್ನು ಬರೆದು ಅದರ ಕೆಳಗೆ 'ಇದು ಕುದುರೆ' ಎಂದು ಬರೆಯಬೇಕಾದ ಸ್ಥಿತಿ ಬಂದರೆ, ಆ ಚಿತ್ರದ ಅರ್ಥ ತಿಳಿದರೆಷ್ಟು ಬಿಟ್ಟರೆಷ್ಟು ಎನ್ನುತ್ತಾರೆ.

ಆದ್ದರಿಂದ ಸಂಕೇತಗಳನ್ನು ಬಿಡಿಸುವ ಕೆಲಸವನ್ನು ಬದಿಗಿಟ್ಟು, ಕಥೆಯಲ್ಲಿ ನಡೆಯುವುದನ್ನು ನಡೆದಂತೆಯೇ ನೋಡಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಟ್ಯಾಂಗಲ್‌ಗೆ ದಾರಿ ತೋರಿಸಿದ ಗರಿಗಳುಳ್ಳ ಮೀನು ಗುಡಿಸಿಲಿಗೆ ಬಂದೊಡನೆ ಕುದಿಯುವ ಪಾತ್ರೆಯೊಳಗೆ ತಾನಾಗಿ ಹಾರುತ್ತದೆ, ಊಟವಾಗುತ್ತದೆ. ಬಳಿಕ ಅದೇ ಪಾತ್ರೆಯಿಂದ ರೆಕ್ಕೆಯುಳ್ಳ ಪುಟ್ಟ ಜೀವಿಯೊಂದು ಹೊರಬಂದು ಹಾರಿಹೋಗುತ್ತದೆ. ಇಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ಹಲವು ಪುಟಗಳ ನಂತರ, ವಯಸ್ಸಾದ ಮಾಸಿ ಸಮುದ್ರದ ಮುದುಕನ ಬಳಿ ಸ್ನಾನ ಮಾಡಿ ಎದ್ದಾಗ ಇಬ್ಬರ ನಡುವೆ ಚಿಕ್ಕ ಸಂಭಾಷಣೆ ನಡೆಯುತ್ತದೆ. ಸಾವಿನ ರುಚಿ ನೋಡಿದೆಯಲ್ಲ, ಚೆನ್ನಾಗಿದೆಯೇ ಎಂದು ಮುದುಕ ಕೇಳುತ್ತಾನೆ. ಬದುಕಿಗಿಂತ ಚೆನ್ನಾಗಿದೆ ಎಂದು ಮಾಸಿ ಹೇಳಿದಾಗ, ಇಲ್ಲ, ಅದೂ ಬದುಕೇ, ಇನ್ನಷ್ಟು ಬದುಕು ಅಷ್ಟೇ ಎಂದು ಮುದುಕ ತಿದ್ದುತ್ತಾನೆ. ಮೀನಿಗೆ ಆದದ್ದೇನೆಂಬುದು ಆಗ ತಾನಾಗಿ ಹೊಳೆಯುತ್ತದೆ. ಲೇಖಕರು ಎರಡು ಘಟನೆಗಳನ್ನು ದೂರ ದೂರ ಇಟ್ಟು, ನಡುವಿನ ದಾರಿಯನ್ನು ನಡೆಯುವ ಕೆಲಸವನ್ನು ಓದುಗರಿಗೇ ಬಿಟ್ಟಿದ್ದಾರೆ.

ನನ್ನನ್ನು ಅತಿಯಾಗಿ ಹಿಡಿದಿಡುವ ಭಾಗ ನೆರಳುಗಳ ಬಯಲು. ಎಲ್ಲಿಂದ ಬೀಳುತ್ತಿವೆಯೆಂದು ತಿಳಿಯದ ನೆರಳುಗಳು, ಎಲೆಗಳ ನೆರಳು, ಹೂಗಳ ನೆರಳು, ನಡೆದಾಡುವ ರೂಪಗಳ ನೆರಳು, ಬಯಲಿನ ಉದ್ದಗಲಕ್ಕೂ ಹರಡಿವೆ. ಅದನ್ನು ದಾಟುವ ಮಕ್ಕಳಿಬ್ಬರೂ ದಣಿದು ಕುಳಿತಾಗ, ಈ ನೆರಳುಗಳು ಬೀಳುತ್ತಿರುವ ನಾಡಿಗೆ ತಾವು ಹೋಗಲೇಬೇಕೆಂಬ ಹಂಬಲದಿಂದ ಕಣ್ಣೀರಿಡುತ್ತಾರೆ. ಆ ಬಯಲಿನ ಮೇಲೆಯೇ ಮಾಸಿಯ ಕೂದಲಿನಲ್ಲಿ ಬಿಳಿ ಎಳೆಗಳು ಕಾಣಿಸಿಕೊಳ್ಳುತ್ತವೆ, ಟ್ಯಾಂಗಲ್‌ಳ ಹಣೆಯಲ್ಲಿ ಸುಕ್ಕು ಮೂಡುತ್ತದೆ. ಒಂದು ಇಡೀ ಆಯುಷ್ಯ ಕಳೆದುಹೋಯಿತೆಂಬುದನ್ನು ಲೇಖಕರು ಇಷ್ಟರಲ್ಲೇ ಹೇಳಿ ಮುಗಿಸುತ್ತಾರೆ. ಎಷ್ಟೋ ದೊಡ್ಡ ಕಾದಂಬರಿಗಳು ನೂರಾರು ಪುಟಗಳಲ್ಲಿ ಮಾಡುವುದನ್ನು ಈ ಕೆಲವೇ ಸಾಲುಗಳು ಮಾಡುತ್ತವೆಂದರೆ ಅದು ಅತಿಶಯೋಕ್ತಿಯಲ್ಲ. ಇನ್ನು ಮೂವರು ಮುದುಕರ ವಿಚಾರ: ಸಮುದ್ರದ ಮುದುಕನಿಗಿಂತ ಹಿರಿಯನು ಭೂಮಿಯ ಮುದುಕ, ಅವನಿಗಿಂತಲೂ ಹಿರಿಯನು ಬೆಂಕಿಯ ಮುದುಕ. ಟ್ಯಾಂಗಲ್ ಬಿಸಿಯನ್ನು ಸಹಿಸಿಕೊಂಡು ಆ ಮೂರನೆಯವನ ಬಳಿಗೆ ಹೋದಾಗ ಅಲ್ಲಿರುವುದು ಬಣ್ಣಬಣ್ಣದ ಚೆಂಡುಗಳನ್ನು ಜೋಡಿಸುತ್ತ ಆಡುತ್ತಿರುವ ಒಂದು ಮಗು. ಎಲ್ಲರಿಗಿಂತ ಹಿರಿಯನು ಎಲ್ಲರಿಗಿಂತ ಎಳೆಯನಾಗಿರುವುದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ, ವಿವರಿಸಹೊರಟರೆ ಆ ಜುಮ್ಮು ಹೋಗಿಬಿಡುತ್ತದೆ.

ಕೊನೆಯ ವಾಕ್ಯದ ಬಗ್ಗೆ ನಿಮಗೆ ಅಸಮಾಧಾನವಿದೆ. ಮಾಸಿ ಮತ್ತು ಟ್ಯಾಂಗಲ್ ಕಾಮನಬಿಲ್ಲಿನೊಳಗಿನ ಮೆಟ್ಟಿಲುಗಳನ್ನು ಹತ್ತುತ್ತಿರುತ್ತಾರೆ, ಇಷ್ಟು ಹೊತ್ತಿಗೆ ಅವರು ಅಲ್ಲಿಗೆ ತಲುಪಿರಬೇಕೆಂದು ತೋರುತ್ತದೆ ಎಂದು ಲೇಖಕರು ಹೇಳಿ ನಿಲ್ಲಿಸುತ್ತಾರೆ. ಆ ನಾಡನ್ನು ತಾವು ಕಂಡಿಲ್ಲದವರು ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಅವರು ಹೇಳಿದ್ದು ತಮ್ಮ ನಂಬಿಕೆಯನ್ನು, ಅದನ್ನು ನಂಬಿಕೆಯೆಂದೇ ಹೇಳಿದ್ದಾರೆ.

ಪ್ರಶ್ನೆ: ಮ್ಯಾಕ್‌ಡೊನಾಲ್ಡ್ ಪಾದ್ರಿಯಾಗಿದ್ದವರಂತೆ. ಕಥೆಗಳಲ್ಲಿ ಧರ್ಮೋಪದೇಶ ಎದ್ದು ಕಾಣುತ್ತದೆಯೆಂದು ನನ್ನ ಸ್ನೇಹಿತರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಪಾದ್ರಿಯಾಗಿದ್ದುದು ನಿಜ, ಆದರೆ ಬಹಳ ಕಾಲವಲ್ಲ. 1850ರಲ್ಲಿ ಇಂಗ್ಲೆಂಡಿನ ಅರಂಡೆಲ್ ಎಂಬಲ್ಲಿನ ಚರ್ಚೊಂದಕ್ಕೆ ನೇಮಕವಾದರು. ದೇವರ ಕರುಣೆ ಸಾವಿನಾಚೆಗೂ ಎಲ್ಲರಿಗೂ ದೊರೆಯಬಹುದೆಂಬ ಅವರ ನಿಲುವು ಅಲ್ಲಿನ ಹಿರಿಯರಿಗೆ ಹಿಡಿಸದೆ ಸಂಬಳ ಕಡಿತವಾಯಿತು. 1853ರಲ್ಲಿ ಅವರು ಹುದ್ದೆಯನ್ನೇ ಬಿಟ್ಟರು. ಬಳಿಕ ದೊಡ್ಡ ಸಂಸಾರವನ್ನು ಸಾಕಿದ್ದು ಬರವಣಿಗೆ ಮತ್ತು ಉಪನ್ಯಾಸಗಳಿಂದ. ಉಪದೇಶದ ಧ್ವನಿ ಅವರಲ್ಲಿ ಇಲ್ಲವೆಂದು ನಾನು ವಾದಿಸುವುದಿಲ್ಲ. 1875ರ 'ದಿ ವೈಸ್ ವುಮನ್' ಕಥೆಯಲ್ಲಿ ಮುದ್ದಿನಿಂದ ಕೆಟ್ಟ ಇಬ್ಬರು ಹುಡುಗಿಯರನ್ನು ತಿದ್ದುವ ಕ್ರಮ ನನಗೂ ಭಾರವೆನಿಸುತ್ತದೆ, ಅಲ್ಲಿ ಲೇಖಕರು ಕಥೆಯನ್ನು ನಿಲ್ಲಿಸಿ ನೀತಿ ಹೇಳುವ ಜಾಗಗಳಿವೆ. ಆದರೆ ಈ ದೋಷ ಹೆಚ್ಚಾಗಿ ಕಾಣುವುದು ಅವರು ಉದ್ದವಾಗಿ ಬರೆದಾಗ. ಕಥೆ ಚಿಕ್ಕದಾಗಿದ್ದರೆ ಉಪದೇಶಕ್ಕೆ ಬಿಡುವೇ ಇರುವುದಿಲ್ಲ, ಹೇಳಬೇಕಾದುದನ್ನು ಘಟನೆಯೇ ಹೇಳಿಬಿಡುತ್ತದೆ. 'ದಿ ಗೋಲ್ಡನ್ ಕೀ' ಕಥೆಯಲ್ಲಿ ದೇವರ ಹೆಸರೆತ್ತಿ ಬೋಧಿಸುವ ಒಂದು ಸಾಲನ್ನಾದರೂ ನಿಮ್ಮ ಸ್ನೇಹಿತರು ತೋರಿಸಲಿ ಎಂದು ಕೇಳಿನೋಡಿ.

ಪ್ರಶ್ನೆ: 'ದಿ ಡೇ ಬಾಯ್ ಅಂಡ್ ದಿ ನೈಟ್ ಗರ್ಲ್' ಓದಿದೆ. ಹುಡುಗಿ ನಿಕ್ಟೆರಿಸ್ ಬಹಳ ಹಿಡಿಸಿದಳು. ಹುಡುಗ ಫೋಟೊಜೆನ್ ಮಾತ್ರ ಕತ್ತಲೆಗೆ ಹೆದರಿ ಅಳುವವನು, ಬೆಳಕಾದೊಡನೆ ಅವಳನ್ನು ಬಿಟ್ಟು ಓಡುವವನು. ಇಂಥವನನ್ನು ನಾಯಕನನ್ನಾಗಿ ಮಾಡಿದ್ದೇಕೆ?

ಉತ್ತರ: ಹುಡುಗನ ಮೇಲೆ ಸಿಟ್ಟು ಬರುವುದು ಸಹಜ, ಬರಬೇಕೆಂದೇ ಲೇಖಕರು ಹಾಗೆ ಬರೆದಿದ್ದಾರೆ. ಎಲ್ಲವನ್ನೂ ತಿಳಿಯಬೇಕೆಂಬ ಹಸಿವಿನ ವಾಥೊ ಎಂಬ ಮಾಟಗಾತಿ ಇಬ್ಬರು ಮಕ್ಕಳ ಮೇಲೆ ಪ್ರಯೋಗ ನಡೆಸುತ್ತಾಳೆ: ಹುಡುಗನಿಗೆ ಕತ್ತಲೆ ಕಾಣಿಸದಂತೆ, ಹುಡುಗಿಗೆ ಹಗಲು ಕಾಣಿಸದಂತೆ ಬೆಳೆಸುತ್ತಾಳೆ. ಫೋಟೊಜೆನ್‌ನ ಧೈರ್ಯವೆಲ್ಲ ಸೂರ್ಯ ಕೊಟ್ಟದ್ದು, ಅದು ತನ್ನದೇ ಎಂದು ಅವನು ನಂಬಿದ್ದಾನೆ. ಕಾಡುಮೃಗಗಳನ್ನು ಬೇಟೆಯಾಡುವವನು ಸೂರ್ಯ ಮುಳುಗಿದ ಕೂಡಲೇ ನಡುಗುತ್ತ ಕುಸಿಯುತ್ತಾನೆ. ನಿಕ್ಟೆರಿಸ್‌ಗೆ ಅಂಥ ಭ್ರಮೆಯಿಲ್ಲ, ಏಕೆಂದರೆ ಅವಳಿಗೆ ಸಿಕ್ಕಿದ್ದೇ ಅತ್ಯಲ್ಪ.

ಸಮಾಧಿಯಂಥ ಕೋಣೆಯಲ್ಲಿ ಬೆಳೆದ ಅವಳಿಗೆ ಗೊತ್ತಿದ್ದ ಬೆಳಕೆಂದರೆ ಚಾವಣಿಯಿಂದ ತೂಗುವ ಒಂದು ದೀಪ. ಭೂಮಿ ನಡುಗಿ ಆ ದೀಪ ಇಲ್ಲವಾದ ಮೇಲೆ ಅದನ್ನು ಹುಡುಕುತ್ತ, ಮಿಂಚುಹುಳವೊಂದನ್ನು ಹಿಂಬಾಲಿಸಿ, ಅವಳು ಮೊದಲ ಬಾರಿ ಹೊರಗೆ ಬರುತ್ತಾಳೆ. ಚಂದ್ರನನ್ನು ಕಂಡು ತನ್ನ ದೀಪಕ್ಕೆ ಇದೇ ತಾಯಿಯಿರಬೇಕೆಂದುಕೊಳ್ಳುತ್ತಾಳೆ. ತನಗೆ ತಿಳಿದ ಒಂದೇ ವಸ್ತುವಿನಿಂದ ಇಡೀ ಆಕಾಶವನ್ನು ಅಳೆಯುವ ಈ ಹುಡುಗಿಯ ತರ್ಕದಲ್ಲಿ ತಪ್ಪಿಲ್ಲ, ಅವಳ ಕೈಯಲ್ಲಿರುವ ಆಧಾರ ಚಿಕ್ಕದು ಅಷ್ಟೇ. ಆ ಪುಟಗಳನ್ನು ನಿಧಾನವಾಗಿ ಓದಿ. ಗಾಳಿ, ಹುಲ್ಲು, ನೀರು ಒಂದೊಂದೂ ಅವಳಿಗೆ ಹೊಸದಾಗಿರುವುದರಿಂದ ನಮಗೂ ಹೊಸದಾಗುತ್ತವೆ.

ಮುಂದೆ ಸೂರ್ಯನ ಬೆಳಕು ಅವಳನ್ನು ಕುರುಡಾಗಿಸುವಷ್ಟು ಹೆದರಿಸುತ್ತದೆ. ಆದರೂ ಅವಳು ತಾಳಿಕೊಳ್ಳುತ್ತಾಳೆ. ಹುಡುಗ ಕಲಿಯಬೇಕಾದದ್ದು ಈ ತಾಳ್ಮೆಯನ್ನು. ತನ್ನ ನಡತೆಗೆ ನಾಚಿ ಅವನು ಮರಳಿ ಬರುತ್ತಾನೆ, ಹಗಲಿನಲ್ಲಿ ಅವಳನ್ನು ಹೊತ್ತು ನಡೆಯುತ್ತಾನೆ, ತೋಳವಾಗಿ ಬೆನ್ನಟ್ಟಿದ ವಾಥೊಳನ್ನು ಬಾಣದಿಂದ ಹೊಡೆಯುತ್ತಾನೆ. ಈ ಕಥೆ ಮೊದಲು ಅಚ್ಚಾದದ್ದು 1879ರಲ್ಲಿ. ಅದಕ್ಕೆ ಹಿಂದಿನ ವರ್ಷ ಮ್ಯಾಕ್‌ಡೊನಾಲ್ಡರ ಒಬ್ಬ ಮಗಳು, ಅದೇ ವರ್ಷ ಒಬ್ಬ ಮಗ ತೀರಿಕೊಂಡಿದ್ದರು. ತಾಯಿಯನ್ನಂತೂ ಅವರು ಎಂಟರ ವಯಸ್ಸಿನಲ್ಲೇ ಕಳೆದುಕೊಂಡಿದ್ದರು. ಕಥೆಯ ಕೊನೆಯಲ್ಲಿ ನಿಕ್ಟೆರಿಸ್, ನನ್ನ ರಾತ್ರಿಗಿಂತ ನಿನ್ನ ಹಗಲು ಎಷ್ಟು ದೊಡ್ಡದೋ, ನಾವು ಇಲ್ಲಿಂದ ಹೊರಟಾಗ ನಿನ್ನ ಹಗಲಿಗಿಂತ ಅಷ್ಟೇ ದೊಡ್ಡದಾದ ಮತ್ತೊಂದು ಹಗಲಿಗೆ ಹೋಗುವುದಿಲ್ಲವೆಂದು ಯಾರು ಬಲ್ಲರು ಎಂಬರ್ಥದ ಮಾತಾಡುತ್ತಾಳೆ. ಮಕ್ಕಳನ್ನು ಮಣ್ಣುಮಾಡಿ ಬಂದ ತಂದೆಯೊಬ್ಬ ಬರೆದ ಮಾತು ಅದು ಎಂಬುದನ್ನು ಮರೆತು ಓದುವುದು ನನ್ನಿಂದ ಸಾಧ್ಯವಾಗಿಲ್ಲ.

ಪ್ರಶ್ನೆ: ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಲ್ಪನಾಕಥೆಗಾರರಾದ ಟೋಲ್ಕಿನ್ ಮತ್ತು ಸಿ. ಎಸ್. ಲೂಯಿಸ್ ಇಬ್ಬರೂ ಇವರ ಅಭಿಮಾನಿಗಳೇ?

ಉತ್ತರ: ಲೂಯಿಸ್ ಹೌದು. 1946ರಲ್ಲಿ ಮ್ಯಾಕ್‌ಡೊನಾಲ್ಡರ ಬರಹಗಳಿಂದ 365 ಭಾಗಗಳನ್ನು ಆಯ್ದು ಸಂಕಲನ ಮಾಡಿದರು, ಅವರನ್ನು ಗುರುವೆಂದೇ ಕರೆದರು. ಅದೇ ಸಂಕಲನದ ಮುನ್ನುಡಿಯಲ್ಲಿ, ಗದ್ಯದ ಸೊಗಸಿನಿಂದ ಅಳೆದರೆ ಇವರು ಮೊದಲ ಸಾಲಿನವರಲ್ಲ, ಪುರಾಣಗಳಂಥ ಕಥೆಗಳನ್ನು ಕಟ್ಟುವುದರಲ್ಲಿ ಮಾತ್ರ ಇವರಿಗೆ ಸಮಾನರಿಲ್ಲ ಎಂಬ ಅಭಿಪ್ರಾಯವನ್ನೂ ಮರೆಮಾಚದೆ ಬರೆದರು. ಟೋಲ್ಕಿನ್ ಕಿನ್ನರಕಥೆಗಳ ಕುರಿತ ತಮ್ಮ ಹೆಸರಾಂತ ಪ್ರಬಂಧದಲ್ಲಿ 'ದಿ ಗೋಲ್ಡನ್ ಕೀ' ಕಥೆಯನ್ನು ಹೊಗಳಿದ್ದರು, ಆದರೆ 1960ರ ದಶಕದಲ್ಲಿ ಅದಕ್ಕೆ ಮುನ್ನುಡಿ ಬರೆಯಲು ಕುಳಿತು ಮರುಓದಿದಾಗ ಅವರ ಮನಸ್ಸು ಬದಲಾಯಿತು. ಮುನ್ನುಡಿ ಅರ್ಧಕ್ಕೇ ನಿಂತಿತು, ಅದರೊಳಗಿನ ಒಂದು ಉದಾಹರಣೆ ಬೆಳೆದು 1967ರಲ್ಲಿ 'ಸ್ಮಿತ್ ಆಫ್ ವೂಟನ್ ಮೇಜರ್' ಎಂಬ ಅವರದೇ ಕಿರುಕಥೆಯಾಯಿತು. ಒಪ್ಪದ ಓದುಗನಿಂದಲೂ ಹೊಸ ಕಥೆಯೊಂದನ್ನು ಬರೆಸಿದ್ದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಏಳು ವರ್ಷದ ಮಗಳಿಗೆ 'ದಿ ಜೈಂಟ್ಸ್ ಹಾರ್ಟ್' ಓದಿ ಹೇಳಿದೆ. ದೈತ್ಯನ ಹೃದಯಕ್ಕೆ ಪುಟ್ಟ ಹುಡುಗ ಚಾಕು ಹಾಕುವ ಭಾಗದಲ್ಲಿ ಅವಳು ಬೆಚ್ಚಿದಳು. ಇವು ನಿಜಕ್ಕೂ ಮಕ್ಕಳ ಕಥೆಗಳೇ? ಯಾವುದರಿಂದ ಆರಂಭಿಸಿದರೆ ಒಳ್ಳೆಯದು?

ಉತ್ತರ: ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣವಿರುವ ಕಥೆಯನ್ನು ಬಲ್ಲವರಿಗೆ ದೇಹದ ಹೊರಗೆ ಹೃದಯವನ್ನು ಬಚ್ಚಿಡುವ ದೈತ್ಯ ಹೊಸಬನಲ್ಲ. ಆದರೂ ನಿಮ್ಮ ಮಗಳು ಬೆಚ್ಚಿದ್ದು ಸರಿಯೇ. ಈ ಕಥೆ ನನಗೂ ಹಿಡಿಸಿಲ್ಲ. ಉಳಿದ ಕಡೆ ಕೆಟ್ಟವರ ಅಂತ್ಯ ಅವರದೇ ಕೆಲಸದಿಂದ ಬರುತ್ತದೆ. ಸರೋವರವನ್ನು ಬತ್ತಿಸಿದ ಮಾಟಗಾತಿಯ ಮನೆಯ ಬುಡವನ್ನು ಅದೇ ನೀರು ಕೊರೆದು ಕೆಡವುತ್ತದೆ. ಇಲ್ಲಿ ಕೊಲ್ಲುವ ಕೆಲಸವನ್ನು ಮಗುವಿನ ಕೈಗೆ ಕೊಟ್ಟಿರುವುದು ಒರಟಾಗಿದೆ.

ತಾವು ಬರೆಯುವುದು ಮಕ್ಕಳಿಗಾಗಿಯಲ್ಲ, ಐದಾಗಲಿ ಐವತ್ತಾಗಲಿ ಎಪ್ಪತ್ತೈದಾಗಲಿ ಮಗುವಿನ ಮನಸ್ಸುಳ್ಳವರಿಗಾಗಿ ಎಂದು ಮ್ಯಾಕ್‌ಡೊನಾಲ್ಡ್ ಹೇಳಿದ್ದಾರೆ. ನಿಮ್ಮ ಮಗಳ ವಯಸ್ಸಿಗೆ 'ಲಿಟಲ್ ಡೇಲೈಟ್' ಒಳ್ಳೆಯ ಆರಂಭ. 1871ರ 'ಅಟ್ ದಿ ಬ್ಯಾಕ್ ಆಫ್ ದಿ ನಾರ್ತ್ ವಿಂಡ್' ಕಾದಂಬರಿಯ ಒಳಗೆ ಬರುವ ಈ ಕಥೆಯ ರಾಜಕುಮಾರಿ ಹಗಲೆಲ್ಲ ನಿದ್ದೆಹೋಗುತ್ತಾಳೆ, ರಾತ್ರಿ ಎಚ್ಚರವಿರುತ್ತಾಳೆ, ಚಂದ್ರ ಕ್ಷೀಣಿಸಿದಂತೆ ತಾನೂ ಸೊರಗುತ್ತಾಳೆ. ಬಿಡಿಯಾಗಿ ಓದಿದರೂ ಅದು ಪೂರ್ಣವಾಗಿಯೇ ಇದೆ. ಆಮೇಲೆ 'ದಿ ಲೈಟ್ ಪ್ರಿನ್ಸೆಸ್' ಓದಿ ಹೇಳಿ. ನಡುವೆ ಬರುವ ಪಂಡಿತರಿಬ್ಬರ ಚರ್ಚೆಯನ್ನು ಮಗುವಿಗೆ ಬೇಸರವಾದರೆ ಬಿಟ್ಟುಬಿಡಬಹುದು. 1867ರಲ್ಲಿ ಆರ್ಥರ್ ಹ್ಯೂಸ್ ಅವರ ಚಿತ್ರಗಳೊಂದಿಗೆ ಬಂದ 'ಡೀಲಿಂಗ್ಸ್ ವಿತ್ ದಿ ಫೇರೀಸ್' ಸಂಕಲನದಲ್ಲಿ ಈ ಕಥೆಯೂ 'ದಿ ಗೋಲ್ಡನ್ ಕೀ'ಯೂ ಸೇರಿ ಐದು ಕಥೆಗಳಿವೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಮೂಲ ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. 'ದಿ ಗೋಲ್ಡನ್ ಕೀ'ಯನ್ನು ಮಗಳಿಗೆ ಹತ್ತು ತುಂಬುವವರೆಗೆ ತಡೆದಿಡುವಂತೆ ನಾನು ಸಲಹೆ ಮಾಡುತ್ತಿದ್ದೆ, ಆದರೆ ಪತ್ರ ಬರೆದ ಮತ್ತೊಬ್ಬ ತಾಯಿಯ ಅನುಭವ ಬೇರೆಯಿದೆ. ಅವರ ಆರು ವರ್ಷದ ಮಗ ಕೀಲಿಯ ಅರ್ಥವನ್ನು ಕೇಳಲೇ ಇಲ್ಲವಂತೆ. ಬಾಗಿಲು ಎಲ್ಲಿದೆಯೆಂದು ಮಾತ್ರ ಕೇಳಿದನಂತೆ.